ಕೆಟ್ಟುಹೋದ ಯೂಸರ್ ಪ್ರೊಫೈಲ್: ರಿಪೇರಿ ಮಾಡೋದಾ, ಹೊಸ ಖಾತೆ ತೆರೆಯೋದಾ, ಫಾರ್ಮ್ಯಾಟ್ ಹೊಡೆಯೋದಾ?

ಪಾಸ್‌ವರ್ಡ್ ಹಾಕಿ ಒಳಗೆ ಬಂದರೆ ಡೆಸ್ಕ್‌ಟಾಪ್ ಖಾಲಿ. ಇಟ್ಟಿದ್ದ ಫೈಲ್ ಒಂದೂ ಇಲ್ಲ, ಮಕ್ಕಳ ಫೋಟೋ ಇದ್ದ ಜಾಗದಲ್ಲಿ ವಿಂಡೋಸ್‌ನ ನೀಲಿ ವಾಲ್‌ಪೇಪರ್. ಮೂಲೆಯಲ್ಲಿ ಒಂದು ಸಂದೇಶ: ನಿಮ್ಮ ಖಾತೆಗೆ ಸೈನ್ ಇನ್ ಆಗುತ್ತಿಲ್ಲ, ಸೈನ್ ಔಟ್ ಮಾಡಿ ಮತ್ತೆ ಪ್ರಯತ್ನಿಸಿ. ಕೆಲವರಿಗೆ ಇಷ್ಟೂ ಆಗುವುದಿಲ್ಲ. ಯೂಸರ್ ಪ್ರೊಫೈಲ್ ಸರ್ವಿಸ್ ವಿಫಲವಾಗಿದೆ, ಪ್ರೊಫೈಲ್ ಲೋಡ್ ಆಗಲಿಲ್ಲ ಅಂತ ಹೇಳಿ ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಪ್ರೊಫೈಲ್ ಅಂದರೆ ನಿಮ್ಮ ಫೈಲ್, ಸೆಟ್ಟಿಂಗ್‌ಗಳೆಲ್ಲ ಇರುವ ಫೋಲ್ಡರ್.

ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಹೆಚ್ಚಿನ ಸಲ ಫೈಲ್‌ಗಳು ಎಲ್ಲಿಗೂ ಹೋಗಿರುವುದಿಲ್ಲ. ಇದ್ದಲ್ಲೇ ಇರುತ್ತವೆ, ವಿಂಡೋಸ್ ಮಾತ್ರ ಬೇರೆ ಕಡೆ ನೋಡುತ್ತಿರುತ್ತದೆ. ಈ ಹೊತ್ತಿನಲ್ಲಿ ಸಲಹೆಗಳಿಗೆ ಬರವಿಲ್ಲ. ಒಬ್ಬರು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಒಂದು ಹೆಸರು ಬದಲಾಯಿಸಿ ಅನ್ನುತ್ತಾರೆ, ಇನ್ನೊಬ್ಬರು ಹೊಸ ಯೂಸರ್ ಮಾಡಿ ಅನ್ನುತ್ತಾರೆ, ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು ಅನ್ನುತ್ತಾರೆ. ಮೂರೂ ಒಂದೊಂದು ಸಂದರ್ಭದಲ್ಲಿ ಸರಿಯೇ. ಯಾವುದು ಬೇಗ ಮುಗಿಯುತ್ತದೆ ಅಂತ ನೋಡಿ ಆರಿಸಿಕೊಂಡರೆ ಕಳೆದುಕೊಳ್ಳುವುದೇ ಜಾಸ್ತಿ. ಯಾವುದರಲ್ಲಿ ಏನು ಹೋಗುತ್ತದೆ ಅಂತ ಮೊದಲು ತಿಳಿದುಕೊಂಡು ಆರಿಸಬೇಕು. ಈ ಬರಹ ಇರುವುದು ಅದಕ್ಕೇ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11 ಇರುವ ಮನೆ ಕಂಪ್ಯೂಟರ್‌ಗಳ ಬಗ್ಗೆ.

ಖಾಲಿ ಡೆಸ್ಕ್‌ಟಾಪ್‌ನಲ್ಲಿ ಏನನ್ನೂ ಸೇವ್ ಮಾಡಬೇಡಿ

ನಿಮ್ಮ ಪ್ರೊಫೈಲ್ ತೆರೆಯಲು ಆಗದಿದ್ದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲ್ ಮಾಡಿಕೊಡುತ್ತದೆ. ಸಾಮಾನ್ಯವಾಗಿ ಅದರ ಫೋಲ್ಡರ್ ಹೆಸರು ಟೆಂಪ್. ನೀವು ಸೈನ್ ಔಟ್ ಮಾಡಿದ ಕೂಡಲೇ ಆ ಫೋಲ್ಡರ್ ಅಳಿಸಿಹೋಗುತ್ತದೆ, ಅದರಲ್ಲಿ ಇಟ್ಟಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಹೈಸ್ಕೂಲ್ ಮೇಷ್ಟ್ರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಹಳೆಯದೆಲ್ಲ ಹೋಯಿತು ಅಂದುಕೊಂಡು ಅವರು ಆ ಖಾಲಿ ಡೆಸ್ಕ್‌ಟಾಪ್‌ನಲ್ಲೇ ಪ್ರಶ್ನೆಪತ್ರಿಕೆಯನ್ನು ಮೊದಲಿಂದ ಟೈಪ್ ಮಾಡಿ, ಅಲ್ಲೇ ಸೇವ್ ಮಾಡಿ, ರಾತ್ರಿ ಶಟ್‌ಡೌನ್ ಮಾಡಿದರು. ಬೆಳಗ್ಗೆ ಹಳೆಯ ಫೈಲ್‌ಗಳೆಲ್ಲ ಸಿಕ್ಕವು, ಹೊಸ ಪ್ರಶ್ನೆಪತ್ರಿಕೆ ಮಾತ್ರ ಸಿಗಲಿಲ್ಲ. ತುರ್ತು ಕೆಲಸ ಇದ್ದರೆ ಪೆನ್‌ಡ್ರೈವ್‌ನಲ್ಲೋ ಡಿ ಡ್ರೈವ್‌ನಲ್ಲೋ ಸೇವ್ ಮಾಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಬೇಡ.

ಕೆಟ್ಟಿರುವುದು ಏನು?

ಸಿ ಡ್ರೈವ್ ತೆರೆದರೆ ಯೂಸರ್ಸ್ ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗೆ ಮನೆಯ ಒಬ್ಬೊಬ್ಬ ಬಳಕೆದಾರರಿಗೂ ಒಂದೊಂದು ಫೋಲ್ಡರ್ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗುವವರಿಗೆ ಸಾಮಾನ್ಯವಾಗಿ ಇಮೇಲ್‌ನ ಮೊದಲ ಐದು ಅಕ್ಷರಗಳೇ ಆ ಫೋಲ್ಡರ್‌ನ ಹೆಸರು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ ಇರುತ್ತವೆ. ಅವುಗಳ ಜೊತೆ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅನ್ನುವ ಒಂದು ಹಿಡನ್ ಫೈಲ್ ಇರುತ್ತದೆ. ನಿಮ್ಮ ವಾಲ್‌ಪೇಪರ್, ಕೀಬೋರ್ಡ್ ಭಾಷೆ, ಯಾವ ಫೈಲ್ ಯಾವ ಸಾಫ್ಟ್‌ವೇರ್‌ನಲ್ಲಿ ತೆರೆಯಬೇಕು ಅನ್ನುವಂಥ ಸೆಟ್ಟಿಂಗ್‌ಗಳು ಆ ಒಂದು ಫೈಲ್‌ನಲ್ಲಿರುತ್ತವೆ. ಸೈನ್ ಇನ್ ಆಗುವಾಗ ವಿಂಡೋಸ್ ಅದನ್ನು ರಿಜಿಸ್ಟ್ರಿಗೆ ಏರಿಸುತ್ತದೆ, ಸೈನ್ ಔಟ್ ಆಗುವಾಗ ಇಳಿಸಿ ಬರೆದಿಡುತ್ತದೆ.

ತೊಂದರೆ ಬರುವುದು ಈ ಏರಿಸಿ ಇಳಿಸುವ ಹೊತ್ತಿನಲ್ಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಶಟ್‌ಡೌನ್ ಆಗುತ್ತಿರುವಾಗಲೇ ಕರೆಂಟ್ ಹೋಗಬಹುದು. ಅಪ್‌ಡೇಟ್ ಅರ್ಧಕ್ಕೆ ನಿಲ್ಲಬಹುದು. ಸಿ ಡ್ರೈವ್ ಪೂರ್ತಿ ತುಂಬಿರಬಹುದು. ಹಾರ್ಡ್‌ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ ಬಂದಿರಬಹುದು. ಆ್ಯಂಟಿವೈರಸ್ ಅದೇ ಕ್ಷಣದಲ್ಲಿ ಆ ಫೈಲನ್ನು ಹಿಡಿದುಕೊಂಡಿರಬಹುದು. ಕೆಲವೊಮ್ಮೆ ಅಪ್‌ಡೇಟೇ ಕಾರಣ. 2020ರ ಫೆಬ್ರವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್ ಆದ ಮೇಲೆ ಹಲವರು ತಾತ್ಕಾಲಿಕ ಪ್ರೊಫೈಲ್‌ಗೆ ಹೋಗಿ ಬಿದ್ದು, ಫೈಲ್‌ಗಳೆಲ್ಲ ಮಾಯವಾದವು ಅಂತ ಗಾಬರಿಪಟ್ಟಿದ್ದರು.

ಇಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಒಂದು, ಫೈಲ್ ಚೆನ್ನಾಗಿದೆ, ಆ ಹೊತ್ತಿಗೆ ತೆರೆಯಲು ಆಗಲಿಲ್ಲ ಅಷ್ಟೆ. ಎರಡು, ಫೈಲೇ ಹಾಳಾಗಿದೆ. ಹೊರಗೆ ಕಾಣುವ ಸಂದೇಶ ಎರಡಕ್ಕೂ ಒಂದೇ, ಮದ್ದು ಬೇರೆ.

ಯಾವ ಸ್ಥಿತಿ ಅಂತ ಪತ್ತೆ ಮಾಡುವುದು

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ಮೆನುವಿನಲ್ಲಿರುವ ರೀಸ್ಟಾರ್ಟೇ ಬೇಕು. ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇರುವ ಕಂಪ್ಯೂಟರ್‌ನಲ್ಲಿ ಶಟ್‌ಡೌನ್ ಅಂದರೆ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ರೀಸ್ಟಾರ್ಟ್‌ನಲ್ಲಿ ಮುಚ್ಚುತ್ತದೆ. ಎರಡು ಮೂರು ಸಲ ಮಾಡಿ ನೋಡಿ. ಇಷ್ಟರಿಂದಲೇ ಸರಿಹೋಗುವುದು ಅಪರೂಪವೇನಲ್ಲ.

ಸರಿಹೋಗದಿದ್ದರೆ ಮನೆಯವರ ಬೇರೆ ಖಾತೆ ಇದೆಯೇ ನೋಡಿ, ಅದರಿಂದ ಸೈನ್ ಇನ್ ಆಗಿ. ಅಲ್ಲಿ ಎಲ್ಲ ಸರಿಯಾಗಿದ್ದರೆ ಕೆಟ್ಟಿರುವುದು ನಿಮ್ಮ ಪ್ರೊಫೈಲ್ ಮಾತ್ರ. ಅಲ್ಲೂ ಸ್ಟಾರ್ಟ್ ಮೆನು ತೆರೆಯದೆ, ಸೆಟ್ಟಿಂಗ್ಸ್ ಮುಚ್ಚಿಕೊಳ್ಳುತ್ತಿದ್ದರೆ ರೋಗ ವಿಂಡೋಸ್‌ನದ್ದು. ಆಗ ಪ್ರೊಫೈಲ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಇನ್ನೂ ಖಚಿತವಾಗಿ ತಿಳಿಯಲು ಈವೆಂಟ್ ವ್ಯೂವರ್ ಇದೆ, ಕಂಪ್ಯೂಟರ್‌ನಲ್ಲಿ ಏನೇನಾಯಿತು ಅನ್ನುವ ದಾಖಲೆ ತೋರಿಸುವ ವಿಂಡೋಸ್‌ನದೇ ಸಾಧನ. ಹೆಚ್ಚಿನವರು ಇದನ್ನು ತೆರೆಯುವುದೇ ಇಲ್ಲ. ಸ್ಟಾರ್ಟ್‌ನಲ್ಲಿ ಹುಡುಕಿ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಒತ್ತಿ. ನೀವು ಸೈನ್ ಇನ್ ಆದ ಸಮಯಕ್ಕೆ ಯೂಸರ್ ಪ್ರೊಫೈಲ್ ಸರ್ವಿಸ್ ಹೆಸರಿನಲ್ಲಿ ಏನು ಬಂದಿದೆ ನೋಡಿ. ಅದರ ಈವೆಂಟ್ ಐಡಿ 1511 ಅಂದರೆ ತಾತ್ಕಾಲಿಕ ಪ್ರೊಫೈಲ್ ಕೊಟ್ಟಿದ್ದೇನೆ ಅಂತ. 1515 ಅಂದರೆ ನಿಮ್ಮ ಹಳೆಯ ಪ್ರೊಫೈಲನ್ನು ಪಕ್ಕಕ್ಕೆ ಇಟ್ಟಿದ್ದೇನೆ ಅಂತ. ಮುಖ್ಯವಾದದ್ದು 1508. ಅದರ ವಿವರದಲ್ಲಿ ಕಾರಣ ಬರೆದಿರುತ್ತದೆ. ಫೈಲನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿದೆ ಅಂತಿದ್ದರೆ ನೀವು ಮೊದಲನೇ ಸ್ಥಿತಿಯಲ್ಲಿದ್ದೀರಿ, ರಿಪೇರಿ ಆಗುವ ಸಾಧ್ಯತೆ ಚೆನ್ನಾಗಿದೆ. ರಿಜಿಸ್ಟ್ರಿ ಕರಪ್ಟ್ ಆಗಿದೆ ಅಂತಿದ್ದರೆ ರಿಪೇರಿಗೆ ಸುಮ್ನೆ ಸಮಯ ಹಾಕಬೇಡಿ, ಕೆಳಗಿನ ಸಿಸ್ಟಂ ರಿಸ್ಟೋರ್ ಭಾಗ ನೋಡಿ, ಅದು ಆಗದಿದ್ದರೆ ಹೊಸ ಖಾತೆಯ ಭಾಗಕ್ಕೆ ಹೋಗಿ.

ಯಾವ ದಾರಿ ಹಿಡಿದರೂ, ಮೊದಲು ಫೈಲ್ ಹೊರಗೆ ತೆಗೆಯಿರಿ

ತಾತ್ಕಾಲಿಕ ಪ್ರೊಫೈಲ್‌ನಿಂದಲೇ ಆಗಲಿ, ಬೇರೆ ಅಡ್ಮಿನ್ ಖಾತೆಯಿಂದ ಆಗಲಿ, ಯೂಸರ್ಸ್ ಫೋಲ್ಡರ್‌ಗೆ ಹೋಗಿ ನಿಮ್ಮ ಹಳೆಯ ಫೋಲ್ಡರ್ ತೆರೆಯಿರಿ. ಅನುಮತಿ ಇಲ್ಲ ಅಂದರೆ ಕಂಟಿನ್ಯೂ ಒತ್ತಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ವಿಡಿಯೋಸ್ ಇವನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ಮಧ್ಯದಲ್ಲಿ ನಿಂತರೆ ಮೂಲ ಪ್ರತಿ ಇರಬೇಕಲ್ಲ.

ಡೆಸ್ಕ್‌ಟಾಪ್ ಫೋಲ್ಡರ್ ಖಾಲಿ ಕಂಡರೆ ಹೆದರಬೇಡಿ. ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಒನ್‌ಡ್ರೈವ್ ಫೋಲ್ಡರ್‌ನ ಒಳಗೆ ಇರುತ್ತವೆ. ಅಲ್ಲಿ ನೋಡಿ. ಮೋಡದ ಗುರುತು ಇರುವ ಫೈಲ್‌ಗಳು ಈ ಕಂಪ್ಯೂಟರ್‌ನಲ್ಲಿ ಹೆಸರಿಗಷ್ಟೇ ಇವೆ, ಕಾಪಿ ಆಗುವುದಿಲ್ಲ. ಬ್ರೌಸರ್‌ನಲ್ಲಿ ಒನ್‌ಡ್ರೈವ್‌ಗೆ ಸೈನ್ ಇನ್ ಆಗಿ ಇಳಿಸಿಕೊಳ್ಳಬೇಕು.

ಒಳಗೇ ಬಿಡುತ್ತಿಲ್ಲ, ಬೇರೆ ಖಾತೆಯೂ ಇಲ್ಲ ಅಂದರೆ? ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ಅಲ್ಲಿ ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್ ಬರುತ್ತದೆ, ಅಂದರೆ ತೀರಾ ಅಗತ್ಯದ್ದಷ್ಟೇ ಓಡುವ ವಿಂಡೋಸ್. ಆ್ಯಂಟಿವೈರಸ್ ಫೈಲನ್ನು ಹಿಡಿದುಕೊಂಡಿದ್ದೇ ಕಾರಣವಾಗಿದ್ದರೆ ಸೇಫ್ ಮೋಡ್‌ನಲ್ಲಿ ನಿಮ್ಮ ಪ್ರೊಫೈಲ್ ಸಲೀಸಾಗಿ ತೆರೆದುಕೊಳ್ಳಬಹುದು. ಅದೂ ಆಗದಿದ್ದರೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೈಲ್ ತೆಗೆಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ವಿಂಡೋಸ್ 11 ಇರುವವುಗಳಲ್ಲಿ, ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಅದಕ್ಕೆ ಬಿಟ್‌ಲಾಕರ್ ಅನ್ನುವ ಬೀಗ ಬಿದ್ದಿರುತ್ತದೆ. ಹೀಗೆ ಬೇರೆ ದಾರಿಯಿಂದ ಒಳಹೋಗುವಾಗ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಅದು 48 ಅಂಕಿಗಳ ಸಂಖ್ಯೆ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿರುತ್ತದೆ. ಮೊಬೈಲ್‌ನಲ್ಲಿ ಆ ಖಾತೆ ತೆರೆದು ಕೀ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ಕಾಪಿ ಮಾಡುವಾಗ ಫೈಲ್‌ಗಳ ಮೇಲೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಈ ಹೋಲಿಕೆಯೇ ನಿಮಗೆ ಬೇಡ. ಮುಖ್ಯವಾದದ್ದನ್ನು ಮೊದಲು ಕಾಪಿ ಮಾಡಿ, ಡಿಸ್ಕ್ ಬದಲಾಯಿಸಿ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ತಿದ್ದುವ ವಿಂಡೋಸ್ ಸಾಧನ) ಓಡಿಸಿದರೆ ಇದ್ದದ್ದೂ ಹೋಗಬಹುದು.

ಮೊದಲ ದಾರಿ: ರಿಜಿಸ್ಟ್ರಿಯಲ್ಲಿ ತಿದ್ದುವುದು

ಫಲಿಸಿದರೆ ಇದಕ್ಕಿಂತ ಒಳ್ಳೆಯದಿಲ್ಲ. ಹತ್ತು ಹದಿನೈದು ನಿಮಿಷದ ಕೆಲಸ. ಪಾಸ್‌ವರ್ಡ್, ಫಾಂಟ್, ಬ್ರೌಸರ್, ಸೆಟ್ಟಿಂಗ್ ಎಲ್ಲ ಇದ್ದ ಹಾಗೇ ವಾಪಸ್ ಬರುತ್ತದೆ. ಬೇರೆ ಯಾವ ದಾರಿಯೂ ಇಷ್ಟನ್ನು ಉಳಿಸಿಕೊಡುವುದಿಲ್ಲ.

ಅಡ್ಮಿನ್ ಖಾತೆಯಿಂದ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್, ಈ ಕ್ರಮದಲ್ಲಿ ಒಳಗೆ ಹೋಗಿ. ಹೆಸರು ವಿಂಡೋಸ್ ಎನ್‌ಟಿ ಅಂತಲೇ ಇರಬೇಕು. ಅದರ ಪಕ್ಕದಲ್ಲೇ ಬರೀ ವಿಂಡೋಸ್ ಅಂತ ಇನ್ನೊಂದಿದೆ, ಅದಲ್ಲ. ಏನನ್ನೂ ಮುಟ್ಟುವ ಮೊದಲು ಪ್ರೊಫೈಲ್ ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು, ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿಡಿ.

ಎಡಗಡೆ ಎಸ್-1-5 ಅಂತ ಶುರುವಾಗುವ ಸಾಲುಗಳು ಕಾಣುತ್ತವೆ. 18, 19, 20ರಲ್ಲಿ ಮುಗಿಯುವ ಚಿಕ್ಕವು ವಿಂಡೋಸ್‌ನವು, ಅವನ್ನು ಮುಟ್ಟಬೇಡಿ. ಎಸ್-1-5-21 ಅಂತ ಶುರುವಾಗಿ ಉದ್ದಕ್ಕೆ ಹೋಗುವವು ಮನೆಯವರದ್ದು. ಒಂದೊಂದರ ಮೇಲೂ ಕ್ಲಿಕ್ ಮಾಡಿ, ಬಲಗಡೆ ಪ್ರೊಫೈಲ್ ಇಮೇಜ್ ಪಾತ್ ಅನ್ನುವ ಸಾಲಿನಲ್ಲಿ ಯಾರ ಫೋಲ್ಡರ್ ಇದೆ ನೋಡಿ.

ತೊಂದರೆ ಆಗಿರುವ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಹೀಗೆ ಕಾಣುತ್ತದೆ: ಒಂದೇ ಉದ್ದದ ಸಂಖ್ಯೆ ಎರಡು ಸಲ. ಒಂದರ ಕೊನೆಯಲ್ಲಿ ಒಂದು ಚುಕ್ಕಿ, ಆಮೇಲೆ ಬಿ, ಎ, ಕೆ ಅನ್ನುವ ಮೂರು ಅಕ್ಷರ. ಆ ಬಾಲ ಇರುವುದೇ ನಿಮ್ಮ ನಿಜವಾದ ಪ್ರೊಫೈಲ್, ವಿಂಡೋಸ್ ಪಕ್ಕಕ್ಕಿಟ್ಟದ್ದು. ಬಾಲ ಇಲ್ಲದ್ದು ತಾತ್ಕಾಲಿಕವಾಗಿ ಹುಟ್ಟಿದ್ದು, ಅದರ ಪಾತ್ ಟೆಂಪ್ ಕಡೆ ತೋರಿಸುತ್ತಿರುತ್ತದೆ. ಬಾಲ ಇಲ್ಲದ್ದಕ್ಕೆ ಕೊನೆಯಲ್ಲಿ ಬೇರೆ ಏನಾದರೂ ಸೇರಿಸಿ ಹೆಸರು ಬದಲಾಯಿಸಿ. ಬಾಲ ಇರುವುದರಿಂದ ಚುಕ್ಕಿ ಸಮೇತ ಬಾಲವನ್ನು ಅಳಿಸಿ. ಅದರ ಪಾತ್ ನಿಮ್ಮ ಫೋಲ್ಡರ್‌ಗೇ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಅದೇ ಜಾಗದಲ್ಲಿರುವ ಸ್ಟೇಟ್ ಅನ್ನುವುದನ್ನು 0 ಮಾಡಿ, ರೆಫ್‌ಕೌಂಟ್ ಇದ್ದರೆ ಅದನ್ನೂ 0 ಮಾಡಿ. ರೀಸ್ಟಾರ್ಟ್ ಮಾಡಿ.

ಬಾಲ ಇರುವುದು ಒಂದೇ ಇದ್ದರೆ ಬಾಲ ತೆಗೆದರೆ ಸಾಕು. ಬಾಲವೇ ಇಲ್ಲದೆ, ಪಾತ್ ಕೂಡ ಸರಿಯಿದ್ದರೆ ಇಲ್ಲಿ ತಿದ್ದಲು ಏನೂ ಇಲ್ಲ.

ಈ ರಿಪೇರಿ ಏನು ಮಾಡುತ್ತದೆ ಅಂತ ತಿಳಿದಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತಲೂ ತಿಳಿಯುತ್ತದೆ. ಇದು ಹಾಳಾದ ಫೈಲನ್ನು ಸರಿ ಮಾಡುವುದಿಲ್ಲ. ನಿನ್ನ ಪ್ರೊಫೈಲ್ ಇಲ್ಲಿದೆ, ಇನ್ನೊಂದು ಸಲ ತೆರೆದು ನೋಡು ಅಂತ ವಿಂಡೋಸ್‌ಗೆ ಹೇಳುತ್ತದೆ, ಅಷ್ಟೆ. ಫೈಲ್ ಚೆನ್ನಾಗಿದ್ದರೆ ತೆರೆಯುತ್ತದೆ. ಹಾಳಾಗಿದ್ದರೆ ಮತ್ತೆ ತಾತ್ಕಾಲಿಕ ಪ್ರೊಫೈಲ್, ಮತ್ತೆ ಅದೇ ಬಾಲ. ಒಂದು ಸಲ ಸರಿಯಾಗಿ ಮಾಡಿ ಫಲಿಸದಿದ್ದರೆ ಮತ್ತೆ ಮತ್ತೆ ಮಾಡಬೇಡಿ. ಸರಿಹೋಗಿ, ಕೆಲವೇ ದಿನದಲ್ಲಿ ಮತ್ತೆ ಕೆಟ್ಟರೂ ಅಷ್ಟೆ, ಡಿಸ್ಕ್ ಪರೀಕ್ಷೆ ಮಾಡಿಸಿ, ಹೊಸ ಖಾತೆಗೆ ಹೋಗಿ.

ಎರಡನೇ ದಾರಿ: ಹೊಸ ಖಾತೆ ತೆರೆದು ಸಾಗಿಸುವುದು

ರಿಜಿಸ್ಟ್ರಿ ಮುಟ್ಟಲು ಭಯ ಇರುವವರಿಗೆ, ಪ್ರೊಫೈಲ್ ಫೈಲೇ ಹಾಳಾದವರಿಗೆ ನಾನು ಹೇಳುವುದು ಇದನ್ನೇ. ಹಳೆಯ ಮನೆಯ ಗೋಡೆಗೆ ತೇಪೆ ಹಾಕುವುದು ಬಿಟ್ಟು, ಪಕ್ಕದಲ್ಲೇ ಹೊಸ ಮನೆಗೆ ಸಾಮಾನು ಸಾಗಿಸಿದ ಹಾಗೆ. ಕೆಟ್ಟದ್ದು ಅಲ್ಲೇ ಉಳಿಯುತ್ತದೆ, ಇನ್‌ಸ್ಟಾಲ್ ಆಗಿರುವ ಹೆಚ್ಚಿನ ಸಾಫ್ಟ್‌ವೇರ್‌ಗಳು ಹಾಗೇ ಇರುತ್ತವೆ. ಅರ್ಧ ದಿನ ಬೇಕು.

ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್, ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ಇಲ್ಲ ಅನ್ನುವುದನ್ನು ಒತ್ತಿ, ಮುಂದಿನ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸಿ ಅನ್ನುವುದನ್ನು ಆರಿಸಿ. ಲೋಕಲ್ ಖಾತೆ ಯಾಕೆ ಅಂದರೆ, ನಿಮ್ಮ ಮೈಕ್ರೋಸಾಫ್ಟ್ ಖಾತೆ ಈಗ ಕೆಟ್ಟ ಪ್ರೊಫೈಲ್‌ಗೆ ಅಂಟಿಕೊಂಡಿದೆ. ಒಂದೇ ಕಂಪ್ಯೂಟರ್‌ನಲ್ಲಿ ಅದನ್ನೇ ಎರಡು ಪ್ರೊಫೈಲ್‌ಗೆ ಕೊಡಲು ಬರುವುದಿಲ್ಲ. ಹೊಸ ಖಾತೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ ಕೊಡಿ. ಫೋಲ್ಡರ್‌ಗೂ ಅದೇ ಹೆಸರು ಬರುತ್ತದೆ, ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಬೇರೆ ಲಿಪಿಯ ಹೆಸರಿಗೆ ತಡವರಿಸುತ್ತವೆ. ಖಾತೆ ಆದ ಮೇಲೆ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಒಂದು ಸಲ ಸೈನ್ ಇನ್ ಆಗಿ ನೋಡಿ.

ಹೊಸ ಖಾತೆಯೂ ತೆರೆಯದೆ ಅದೇ ಸಂದೇಶ ಬಂದರೆ ಹಾಳಾಗಿರುವುದು ಯೂಸರ್ಸ್ ಒಳಗಿನ ಡಿಫಾಲ್ಟ್ ಅನ್ನುವ ಹಿಡನ್ ಫೋಲ್ಡರ್ ಇರಬಹುದು. ಹೊಸ ಪ್ರೊಫೈಲ್‌ಗಳೆಲ್ಲ ಅದರ ನಕಲೇ. ಅದೇ ವಿಂಡೋಸ್ ಇರುವ ಇನ್ನೊಂದು ಕಂಪ್ಯೂಟರ್‌ನಿಂದ ಆ ಫೋಲ್ಡರ್ ತಂದು ಹಾಕಬೇಕಾಗುತ್ತದೆ.

ಈಗ ಸಾಗಿಸುವುದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಸುಲಭ, ಕಾಪಿ ಪೇಸ್ಟ್ ಸಾಕು. ಇಡೀ ಹಳೆಯ ಫೋಲ್ಡರನ್ನು ಎತ್ತಿ ಹಾಕಬೇಡಿ. ಎನ್‌ಟಿಯೂಸರ್ ಅಂತ ಶುರುವಾಗುವ ಫೈಲ್‌ಗಳು ಬಂದರೆ ರೋಗವೂ ಜೊತೆಗೇ ಬರುತ್ತದೆ. ಆ್ಯಪ್‌ಡೇಟಾ ಅನ್ನುವ ಹಿಡನ್ ಫೋಲ್ಡರ್‌ನಿಂದ ಬೇಕಾದ್ದನ್ನು ಮಾತ್ರ ಆರಿಸಿ ತನ್ನಿ. ತಾಳ್ಮೆ ಬೇಕಾಗುವುದು ಇಲ್ಲೇ.

ಕನ್ನಡದಲ್ಲಿ ಟೈಪ್ ಮಾಡುವವರು ಮೊದಲು ಫಾಂಟ್ ನೋಡಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ಹೊಸ ಖಾತೆಯಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣಬಹುದು. ಫೈಲ್ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೆ. 2018ರ ಕೊನೆಗೆ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಬರೀ ಇನ್‌ಸ್ಟಾಲ್ ಕೊಟ್ಟರೆ ಅದು ಆ ಒಬ್ಬ ಬಳಕೆದಾರರಿಗೆ ಮಾತ್ರ ಸೇರುತ್ತದೆ. ಹಳೆಯ ಫೋಲ್ಡರ್‌ನಲ್ಲಿ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಒಳಗೆ ಹೋಗಿ ನೋಡಿ, ಅಲ್ಲಿರುತ್ತವೆ. ಅವನ್ನೆಲ್ಲ ಆರಿಸಿ, ಈ ಸಲ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಕೊಡಿ. ಇನ್ನು ಮುಂದೆ ಎಷ್ಟು ಖಾತೆ ಬದಲಾದರೂ ಫಾಂಟ್ ಇರುತ್ತದೆ. ಕನ್ನಡ ಕೀಬೋರ್ಡ್ ಕೂಡ ಬಳಕೆದಾರರ ಸೆಟ್ಟಿಂಗ್. ಹೊಸ ಖಾತೆಯಲ್ಲಿ ಅದನ್ನು ಮತ್ತೆ ಸೇರಿಸಿಕೊಳ್ಳಬೇಕು.

ಬ್ರೌಸರ್ ವಿಷಯದಲ್ಲಿ ಎಲ್ಲವೂ ಒಂದೇ ಥರ ಅಲ್ಲ. ಫೈರ್‌ಫಾಕ್ಸ್ ಬಳಸುವವರಿಗೆ ಸುಲಭ. ಆ್ಯಪ್‌ಡೇಟಾದ ರೋಮಿಂಗ್ ಒಳಗೆ ಮೊಜಿಲ್ಲಾ ಫೋಲ್ಡರ್‌ನಲ್ಲಿರುವ ಪ್ರೊಫೈಲನ್ನು ಕಾಪಿ ಮಾಡಿದರೆ ಪಾಸ್‌ವರ್ಡ್ ಸಮೇತ ಬರುತ್ತದೆ. ಥಂಡರ್‌ಬರ್ಡ್ ಮೇಲ್ ಕೂಡ ಹೀಗೇ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಬುಕ್‌ಮಾರ್ಕ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ವಿಂಡೋಸ್ ಖಾತೆಗೆ ಕಟ್ಟಿದ ಬೀಗದಲ್ಲಿ ಅವನ್ನು ಮುಚ್ಚಿಟ್ಟಿರುತ್ತಾರೆ, ಬೇರೆ ಖಾತೆಯಲ್ಲಿ ಆ ಬೀಗ ತೆರೆಯುವುದಿಲ್ಲ. ಕ್ರೋಮ್ ಗೂಗಲ್ ಖಾತೆಗೆ, ಎಡ್ಜ್ ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಆಗಿದ್ದರೆ ಸೈನ್ ಇನ್ ಆದ ಕೂಡಲೇ ಎಲ್ಲ ವಾಪಸ್ ಬರುತ್ತವೆ. ಸಿಂಕ್ ಇಲ್ಲದಿದ್ದರೆ, ಪಾಸ್‌ವರ್ಡ್‌ಗಳು ಬೇರೆಲ್ಲೂ ಬರೆದಿಟ್ಟಿಲ್ಲದಿದ್ದರೆ, ರಿಜಿಸ್ಟ್ರಿ ದಾರಿಯನ್ನು ಒಂದು ಸಲವಾದರೂ ಪ್ರಯತ್ನಿಸಿ. ಹಳೆಯ ಪ್ರೊಫೈಲ್ ಒಂದೇ ಒಂದು ಸಲ ತೆರೆದರೂ ಸಾಕು, ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಿಕೊಂಡು ಆಮೇಲೆ ಹೊಸ ಖಾತೆಗೆ ಹೋಗಬಹುದು.

ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್‌ನಲ್ಲಿರುತ್ತದೆ. ವಾಟ್ಸ್‌ಆ್ಯಪ್ ಅನ್ನು ಮೊಬೈಲ್‌ನಿಂದ ಮತ್ತೆ ಲಿಂಕ್ ಮಾಡಿದರಾಯಿತು. ಅಂಗಡಿ ಲೆಕ್ಕ ಇಡುವವರು ಟ್ಯಾಲಿಯ ಡೇಟಾ ಎಲ್ಲಿದೆ ಅಂತ ಟ್ಯಾಲಿ ಒಳಗೇ ನೋಡಿ ಬರೆದಿಟ್ಟುಕೊಳ್ಳಿ. ಸ್ಟಿಕಿ ನೋಟ್ಸ್‌ನಲ್ಲಿ ಫೋನ್ ನಂಬರ್, ಬ್ಯಾಂಕ್ ವಿವರ ಬರೆದಿಡುವವರು ಬಹಳ ಜನ. ಅದು ಆ್ಯಪ್‌ಡೇಟಾ, ಲೋಕಲ್, ಪ್ಯಾಕೇಜಸ್ ಒಳಗಿನ ಸ್ಟಿಕಿನೋಟ್ಸ್ ಫೋಲ್ಡರ್‌ನಲ್ಲಿ ಲೋಕಲ್‌ಸ್ಟೇಟ್ ಒಳಗೆ ಪ್ಲಮ್ ಅನ್ನುವ ಹೆಸರಿನ ಫೈಲ್ ಆಗಿರುತ್ತದೆ. ಮರೆಯದೆ ತನ್ನಿ.

ಹಳೆಯ ಖಾತೆಯನ್ನು ಆ ದಿನವೇ ಅಳಿಸಬೇಡಿ. ಸೆಟ್ಟಿಂಗ್ಸ್‌ನಿಂದ ಅಳಿಸಿದರೆ ಫೋಲ್ಡರ್ ಸಮೇತ ಹೋಗುತ್ತದೆ. ತಿಂಗಳ ಬಿಲ್, ಟ್ಯಾಕ್ಸ್ ಕಾಗದ, ಮಗುವಿನ ಪ್ರಾಜೆಕ್ಟ್, ಎಲ್ಲಕ್ಕೂ ಒಂದು ಸುತ್ತು ಹೊಸ ಖಾತೆಯನ್ನು ಬಳಸಿ ನೋಡಿ. ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆದು, ಮೈಕ್ರೋಸಾಫ್ಟ್ ಖಾತೆಯನ್ನು ಹೊಸದಕ್ಕೆ ಸೇರಿಸಿ.

ಸಿಸ್ಟಂ ರಿಸ್ಟೋರ್

ತೊಂದರೆ ಬರುವ ಮೊದಲಿನ ರಿಸ್ಟೋರ್ ಪಾಯಿಂಟ್ (ವಿಂಡೋಸ್ ತನ್ನ ಆ ದಿನದ ಸ್ಥಿತಿಯನ್ನು ಉಳಿಸಿಟ್ಟ ಪ್ರತಿ) ಇದ್ದರೆ ಇದು ರಿಜಿಸ್ಟ್ರಿ ತಿದ್ದುವುದಕ್ಕಿಂತಲೂ ಸರಳ. ಹಾಳಾದ ಪ್ರೊಫೈಲ್ ಫೈಲ್‌ನ ಜಾಗಕ್ಕೆ ಅಂದಿನ ಒಳ್ಳೆಯ ಪ್ರತಿಯೇ ಬರುವುದರಿಂದ, ರಿಜಿಸ್ಟ್ರಿ ತಿದ್ದುಪಡಿ ಕೈಕೊಟ್ಟ ಕಡೆಯೂ ಕೆಲಸ ಮಾಡಬಹುದು. ಡಾಕ್ಯುಮೆಂಟ್ಸ್ ಮುಟ್ಟುವುದಿಲ್ಲ. ಆ ದಿನದ ನಂತರ ಹಾಕಿದ ಸಾಫ್ಟ್‌ವೇರ್, ಡ್ರೈವರ್ ಹೋಗುತ್ತವೆ. ಆದರೆ ತುಂಬಾ ಮನೆ ಕಂಪ್ಯೂಟರ್‌ಗಳಲ್ಲಿ ಇದು ಆನ್ ಆಗಿರುವುದೇ ಇಲ್ಲ. ಇದೆಯೇ ಅಂತ ಒಮ್ಮೆ ನೋಡಿ. ಇದ್ದರೆ ಹೊಸ ಖಾತೆಗಿಂತ ಮೊದಲು ಇದನ್ನು ಬಳಸಿ.

ಎಸ್‌ಎಫ್‌ಸಿ, ಡಿಸಂ, ರಿಜಿಸ್ಟ್ರಿ ಕ್ಲೀನರ್

ಎಲ್ಲ ತೊಂದರೆಗೂ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಅನ್ನುವ ಸಲಹೆ ಇದ್ದೇ ಇರುತ್ತದೆ. ಅದು ಮತ್ತು ಅದರಂಥದ್ದೇ ಇನ್ನೊಂದು ಕಮಾಂಡ್ ಡಿಸಂ ಸರಿ ಮಾಡುವುದು ವಿಂಡೋಸ್‌ನ ಫೈಲ್‌ಗಳನ್ನು. ನಿಮ್ಮ ಪ್ರೊಫೈಲ್ ಫೈಲ್ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಓಡಿಸಿದರೆ ನಷ್ಟವಿಲ್ಲ, ಎಲ್ಲ ಖಾತೆಗಳಲ್ಲೂ ತೊಂದರೆ ಇದ್ದರೆ ಓಡಿಸಲೇಬೇಕು. ನಿಮ್ಮೊಬ್ಬರ ಖಾತೆ ಕೆಟ್ಟಿದ್ದರೆ ಅದರಿಂದ ಏನೂ ನಿರೀಕ್ಷಿಸಬೇಡಿ. ದುಡ್ಡು ಕೊಟ್ಟು ಕೊಳ್ಳುವ ರಿಜಿಸ್ಟ್ರಿ ಕ್ಲೀನರ್‌ಗಳು ಈ ಕೆಲಸಕ್ಕೆ ಬೇಡವೇ ಬೇಡ.

ರೀಸೆಟ್ ಮತ್ತು ಫಾರ್ಮ್ಯಾಟ್

ವಿಂಡೋಸ್‌ನಲ್ಲೇ ಇರುವ ರೀಸೆಟ್ ದಿಸ್ ಪಿಸಿಯಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೆ ಡಾಕ್ಯುಮೆಂಟ್ಸ್ ಉಳಿಯುತ್ತವೆ, ನೀವು ಹಾಕಿದ ಸಾಫ್ಟ್‌ವೇರ್‌ಗಳು ಹೋಗುತ್ತವೆ. ಆಫೀಸ್, ಟ್ಯಾಲಿ, ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಹಾಕಬೇಕು. ಲೈಸೆನ್ಸ್ ಕೀ ಕೈಯಲ್ಲಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಸಾಫ್ಟ್‌ವೇರ್ ಉಳಿಸಿಕೊಂಡು ವಿಂಡೋಸ್ ಮೇಲೆ ವಿಂಡೋಸ್ ಹಾಕುವ ವಿಧಾನವೂ ಇದೆ. ಆದರೆ ಅದು ಹಳೆಯ ಪ್ರೊಫೈಲನ್ನು ಹಾಗೇ ಎತ್ತಿಕೊಂಡು ಬರುತ್ತದೆ, ಕೆಟ್ಟ ಪ್ರೊಫೈಲ್‌ಗೆ ಮದ್ದಾಗಿ ಅದನ್ನು ನಂಬಲಾಗದು.

ಪೂರ್ತಿ ಫಾರ್ಮ್ಯಾಟ್ ಬಗ್ಗೆ ಅಂಗಡಿಯಲ್ಲಿ ಹೇಳುವ ಮಾತು ಒಂದಿದೆ: ಡಿ ಡ್ರೈವ್‌ನಲ್ಲಿ ಇರುವುದು ಹಾಗೇ ಇರುತ್ತೆ, ಚಿಂತೆ ಬೇಡ. ಮಾತು ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರ ಫೈಲ್‌ಗಳು ಇರುವುದು ಡೆಸ್ಕ್‌ಟಾಪ್ ಮೇಲೆ, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಅಂಗಡಿಗೆ ಕೊಡುವ ಮೊದಲು ಯೂಸರ್ಸ್ ಫೋಲ್ಡರ್ ಬ್ಯಾಕಪ್ ಆಗಬೇಕು ಅಂತ ಬಾಯಿಬಿಟ್ಟು ಹೇಳಿ, ಸಾಧ್ಯವಾದರೆ ಬರೆದುಕೊಡಿ. ಒಬ್ಬ ಬಳಕೆದಾರರ ಪ್ರೊಫೈಲ್ ಕೆಟ್ಟಿದ್ದಕ್ಕೆ ಫಾರ್ಮ್ಯಾಟ್ ಬೇಕಿಲ್ಲ. ಎಲ್ಲ ಖಾತೆಗಳೂ ಕೆಟ್ಟಿದ್ದರೆ, ವೈರಸ್ ಹೊಕ್ಕಿದ್ದರೆ, ಡಿಸ್ಕ್ ಬದಲಾಯಿಸುತ್ತಿದ್ದರೆ ಅದೇ ಸರಿ. ಇನ್ನೂ ವಿಂಡೋಸ್ 10ರಲ್ಲಿರುವವರಿಗೆ ಇನ್ನೊಂದು ಮಾತು. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಎಲ್ಲ ತೆಗೆದು ಹೊಸದಾಗಿ ಹಾಕುವುದಾದರೆ, ಕಂಪ್ಯೂಟರ್ ತಡೆಯುವುದಾದರೆ, 11 ಹಾಕಿಸಿ.

ಯಾರಿಗೆ ಯಾವುದು

ಮೊದಲ ಸಲ ಕೆಟ್ಟಿದೆ, ಬಾಲ ಇರುವ ಸಾಲು ಕಾಣುತ್ತಿದೆ, ಡಿಸ್ಕ್ ಚೆನ್ನಾಗಿದೆ: ರಿಜಿಸ್ಟ್ರಿ ತಿದ್ದಿ. ಬ್ರೌಸರ್ ಪಾಸ್‌ವರ್ಡ್ ಸಿಂಕ್ ಇಲ್ಲದವರಿಗೂ ಇದೇ ಮೊದಲು. ಕರಪ್ಟ್ ಅಂತ ಈವೆಂಟ್ ವ್ಯೂವರ್ ಹೇಳುತ್ತಿದೆ, ರಿಸ್ಟೋರ್ ಪಾಯಿಂಟ್ ಇದೆ: ರಿಸ್ಟೋರ್ ಮಾಡಿ. ಅದೂ ಇಲ್ಲ, ಅಥವಾ ಎರಡನೇ ಸಲ ಕೆಟ್ಟಿದೆ: ಹೊಸ ಖಾತೆ. ದೂರದ ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದೀರಿ ಅಂದರೂ ಹೊಸ ಖಾತೆಯೇ. ಫೋನಿನಲ್ಲಿ ಕೇಳಿಕೊಂಡು ರಿಜಿಸ್ಟ್ರಿಯಲ್ಲಿ ಕೈಯಾಡಿಸುವಾಗ ಒಂದು ಸಾಲು ತಪ್ಪಿದರೆ ಚೆನ್ನಾಗಿದ್ದ ಖಾತೆಯೂ ಕೆಡಬಹುದು.

ಕಂಪ್ಯೂಟರ್ ಸರಿಯಾದ ದಿನವೇ ಇನ್ನೊಂದು ಕೆಲಸ ಮುಗಿಸಿ. ಯಾರೂ ದಿನಾ ಬಳಸದ ಒಂದು ಲೋಕಲ್ ಖಾತೆ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಒಮ್ಮೆ ಅದರಲ್ಲಿ ಸೈನ್ ಇನ್ ಆಗಿ ಸೈನ್ ಔಟ್ ಮಾಡಿ, ಆಗಲೇ ಅದರ ಪ್ರೊಫೈಲ್ ಸಿದ್ಧವಾಗುವುದು. ರಿಸ್ಟೋರ್ ಪಾಯಿಂಟ್‌ಗಳು ಇರಲಿ ಅಂತ ಸಿ ಡ್ರೈವ್‌ಗೆ ಸಿಸ್ಟಂ ಪ್ರೊಟೆಕ್ಷನ್ ಆನ್ ಮಾಡಿ. ಬಿಟ್‌ಲಾಕರ್ ಕೀ ಕೂಡ ಅದೇ ಚೀಟಿಯಲ್ಲಿರಲಿ. ಡೆಸ್ಕ್‌ಟಾಪ್ ಕಂಪ್ಯೂಟರ್ ಆಗಿದ್ದರೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಕರೆಂಟ್ ಹೋದ ಮೇಲೆ ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಅದು ತಡೆದರೆ ಸಾಕು.